ಲೈಪೊಸೋಮ್‌ ಒಳಗೆ ಔಷಧಿ ಹೊಕ್ಕಿದ್ದು ಏಕೆ ಹೊರಗೆ ಬರುವುದಿಲ್ಲ?

ಲೈಪೊಸೋಮ್ ಎಂದರೆ ಫಾಸ್ಫೊಲಿಪಿಡ್ ಎಂಬ ಕೊಬ್ಬಿನಂಥ ಅಣುಗಳ ಪೊರೆಯ ಗುಳ್ಳೆ, ಒಳಗೆ ನೀರು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಇವನ್ನು ವಿವರಿಸಿದರು. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್, ಸುಮಾರು 100 ನ್ಯಾನೊಮೀಟರಿನ ಇಂಥ ಗುಳ್ಳೆಗಳಲ್ಲಿ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ತುಂಬಿದ್ದು. ಮೇಲೆ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಎಂಬ ಪಾಲಿಮರಿನ ಲೇಪನ. ಇದೆಲ್ಲ ಓದಿದರೆ ತಿಳಿಯುತ್ತದೆ.

ತೊಡಕು ತುಂಬುವ ಹಂತದಲ್ಲಿದೆ. ಖಾಲಿ ಗುಳ್ಳೆ ಮೊದಲು, ಔಷಧಿ ಆಮೇಲೆ. ಪೊರೆ ದಾಟಿ ತಾನಾಗಿ ಒಳಗೆ ಹೋದ ಅಣು ಅದೇ ದಾರಿಯಲ್ಲಿ ಹೊರಗೂ ಬರಬೇಕಲ್ಲ?

ನಿಧಾನವಾಗಿ ನೋಡೋಣ. ಗುಳ್ಳೆಗಳನ್ನು ಅಮೋನಿಯಂ ಸಲ್ಫೇಟ್ ದ್ರಾವಣದಲ್ಲೇ ಕಟ್ಟುತ್ತಾರೆ. ಬಳಿಕ ಹೊರಗಿನ ದ್ರಾವಣವನ್ನಷ್ಟೇ ಬದಲಿಸುತ್ತಾರೆ. ಒಳಗಿನದು ಹಾಗೇ ಉಳಿಯುತ್ತದೆ. ಒಳಗಿನ ಅಮೋನಿಯಂ ಅಯಾನು ಅಮೋನಿಯಾ ಮತ್ತು ಪ್ರೋಟಾನ್ ಆಗಿ ಒಡೆಯುತ್ತದೆ. ಅಮೋನಿಯಾಕ್ಕೆ ವಿದ್ಯುದಾವೇಶವಿಲ್ಲ, ಪೊರೆ ದಾಟಿ ಹೊರಟುಹೋಗುತ್ತದೆ. ಪ್ರೋಟಾನ್ ಒಳಗೇ ಉಳಿದು ಅಲ್ಲಿ ಆಮ್ಲೀಯತೆ ಏರುತ್ತದೆ. ಗಮನಿಸಿ: ಯಾರೂ ಹೊರಗಿನಿಂದ ಆಮ್ಲ ಹಾಕಿಲ್ಲ.

ಈಗ ಡಾಕ್ಸೊರುಬಿಸಿನ್. ಅದರ ಅಮೈನ್ (ಪ್ರೋಟಾನ್ ಹಿಡಿಯಬಲ್ಲ ಸಾರಜನಕದ ಗುಂಪು) ದುರ್ಬಲ ಪ್ರತ್ಯಾಮ್ಲ, ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಹಿಡಿದಿರುವ ಪಿಎಚ್) ಸುಮಾರು 8.2. ಆವೇಶವಿಲ್ಲದ ರೂಪ ಮಾತ್ರ ಪೊರೆ ದಾಟುತ್ತದೆ. ಒಳಗೆ ಬಂದ ಕೂಡಲೇ ಪ್ರೋಟಾನ್ ಹಿಡಿದು ಆವೇಶ ಪಡೆಯುತ್ತದೆ, ಆಮೇಲೆ ದಾಟಲಾಗದು. ಅಂದರೆ ಒಳಗೆ ಹೋಗುವುದು ಒಂದು ರೂಪ, ಸಿಕ್ಕಿಬೀಳುವುದು ಇನ್ನೊಂದು.

ನನ್ನ ಅಚ್ಚುಮೆಚ್ಚಿನ ಲೆಕ್ಕ ಇದು: ಸಮತೋಲನದಲ್ಲಿ ಆವೇಶವಿಲ್ಲದ ರೂಪದ ಸಾಂದ್ರತೆ ಎರಡೂ ಕಡೆ ಒಂದೇ. ಅದನ್ನು 1 ಎಂದುಕೊಳ್ಳಿ. ಪಿಎಚ್ ಪಿಕೆಎಗಿಂತ ಒಂದೊಂದು ಇಳಿದಂತೆ ಆವೇಶದ ರೂಪ ಹತ್ತು ಪಟ್ಟಾಗುತ್ತದೆ. ಹೊರಗೆ ಪಿಎಚ್ 7.2 ಇದ್ದರೆ ಆವೇಶದ ರೂಪ 10, ಒಟ್ಟು 11. ಒಳಗೆ 5.2 ಇದ್ದರೆ ಆವೇಶದ ರೂಪ 1000, ಒಟ್ಟು 1001. ಅನುಪಾತ 91ರಷ್ಟು. ಸುಲಭ ಸೂತ್ರ: ಪಿಎಚ್ ಅಂತರ ಒಂದು ಹೆಚ್ಚಿದರೆ ಸುಮಾರು ಹತ್ತು ಪಟ್ಟು.

ಔಷಧಿ ಹಿಡಿದ ಪ್ರೋಟಾನ್ ಮುಗಿದುಹೋಗದೇ? ಇಲ್ಲ, ಇನ್ನಷ್ಟು ಅಮೋನಿಯಂ ಒಡೆದು ಅದನ್ನು ತುಂಬಿಕೊಡುತ್ತದೆ. ಜೊತೆಗೆ ಔಷಧಿ ಸಲ್ಫೇಟ್‌ನೊಂದಿಗೆ ಸೇರಿ ಹರಳಾಗುತ್ತದೆ. ಹರಳಾದದ್ದು ಮೇಲಿನ ಲೆಕ್ಕದಲ್ಲಿ ಬರುವುದೇ ಇಲ್ಲ, ಹಾಗಾಗಿ ಇನ್ನೂ ಹೆಚ್ಚು ಒಳಸೇರುತ್ತದೆ. ಹಾಕಿದ ಔಷಧಿಯ ಶೇ 90ಕ್ಕಿಂತ ಹೆಚ್ಚು ಗುಳ್ಳೆಯೊಳಗೆ ಹೋಗುವುದು ಹೀಗೆ.

ಬಿಡುಗಡೆ ನಿಧಾನವಾಗುವುದಕ್ಕೂ ಇದೇ ಕಾರಣ: ಹರಳು ಕರಗಬೇಕು, ಅಣು ಆವೇಶ ಕಳೆದುಕೊಳ್ಳಬೇಕು, ಆಮೇಲೆ ಪೊರೆ ದಾಟಬೇಕು. ರಕ್ತದಲ್ಲಿ ಬಿಡಿ ಔಷಧಿ ಕಡಿಮೆ ಇರುವುದರಿಂದ ಹೃದಯಕ್ಕಾಗುವ ಹಾನಿ ತಗ್ಗುತ್ತದೆ. ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ನೋಯುವ ತೊಂದರೆ ಮಾತ್ರ ಹೆಚ್ಚು.

ಬೇರೆ ಔಷಧಿಗೂ ಈ ವಿಧಾನ ಹೊಂದುತ್ತದೆಯೇ ಎಂದು ಕೇಳಿದರೆ ಮೊದಲು ಅಮೈನ್ ಹುಡುಕಿ. ಇರಿನೊಟೆಕಾನ್ ಎಂಬ ಕ್ಯಾನ್ಸರ್ ಔಷಧಿಯಲ್ಲಿದೆ. ಇನ್ನೊಂದು ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿರುವ ಸಾರಜನಕದ ಗುಂಪು ಅಮೈಡ್, ಅದು ಪ್ರೋಟಾನ್ ಹಿಡಿಯುವುದಿಲ್ಲ. ಅದಕ್ಕೆ ಆಲ್ಬುಮಿನ್ ಕಣದಂಥ ಬೇರೆ ವಾಹಕ ಬೇಕಾಯಿತು.