ತಿರುಗಿದ್ದು ಗ್ರಿಪ್, ಬೈಸಿಕೊಂಡದ್ದು ಕಾರ್ಬುರೇಟರ್

ಕಳೆದ ಆಷಾಢದಲ್ಲಿ ಅಡಿಕೆ ತೋಟದ ಯಜಮಾನರೊಬ್ಬರು ನೆನೆದು ತೊಪ್ಪೆಯಾಗಿ ತೀರ್ಥಹಳ್ಳಿಯ ನಮ್ಮ ಗ್ಯಾರೇಜಿಗೆ ಬಂದರು. ‘ಗಾಡಿಗೆ ಪಿಕಪ್ಪೇ ಇಲ್ಲ ಮಾರಾಯರೆ’ ಎಂಬುದು ದೂರು. ಅಷ್ಟರಲ್ಲಾಗಲೇ ಬೇರೊಂದು ಕಡೆ ಕಾರ್ಬುರೇಟರ್ ಬಿಚ್ಚಿ ತೊಳೆದಾಗಿತ್ತು, ಪ್ಲಗ್ಗೂ ಬದಲಾಗಿತ್ತು. ನಾನು ಬೈಕಿನ ಹ್ಯಾಂಡಲ್‌ನ ಬಲಗಡೆಯ ಗ್ರಿಪ್, ಅಂದರೆ ಅಂಗೈ ಕೂರುವ ರಬ್ಬರ್ ಹಿಡಿಕೆ, ಹಿಡಿದು ತಿರುಗಿಸಿದೆ. ರಬ್ಬರ್ ಪೂರ್ತಿ ತಿರುಗಿತು. ಒಳಗೆ ಆಕ್ಸಿಲರೇಟರ್ ಕೇಬಲ್ ಎಳೆಯುವ ಪ್ಲಾಸ್ಟಿಕ್ ಕೊಳವೆ ಅರ್ಧಕ್ಕೇ ನಿಂತಿತು. ಯಜಮಾನರ ಅಪ್ಪಣೆ ಎಂಜಿನ್ನಿಗೆ ತಲುಪುತ್ತಲೇ ಇರಲಿಲ್ಲ.

ಗ್ರಿಪ್ ಕಳಚಿದರೆ ಒಳಗೆ ಎಣ್ಣೆಯ ಪಸೆ. ಹೊಸ ಗ್ರಿಪ್ ಬಿಗಿಯಾಗಿರುತ್ತದೆ. ಯಾರೋ ಎರಡು ಹನಿ ಎಂಜಿನ್ ಆಯಿಲ್ ಸವರಿ ಏರಿಸಿದ್ದರು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಕೆಲಸ ಕಲಿಯುವಾಗ ನಾನೂ ಅದನ್ನೇ ಮಾಡಿ ಮೇಸ್ತ್ರಿಯ ಕೈಯಲ್ಲಿ ಮಂಗಳಾರತಿ ಮಾಡಿಸಿಕೊಂಡವನು. ಎಣ್ಣೆ ಒಣಗುವುದಿಲ್ಲ. ಏರಿಸುವ ದಿನ ಎಷ್ಟು ಜಾರಿತೋ ವರ್ಷ ಕಳೆದರೂ ಅಷ್ಟೇ ಜಾರುತ್ತದೆ, ಸಾಲದ್ದಕ್ಕೆ ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತದೆ. ಸೋಪಿನ ನೀರನ್ನೂ ನಾನು ನಂಬುವುದಿಲ್ಲ. ಒಣಗಿದಂತೆ ಕಾಣುತ್ತದೆ, ಮಳೆನೀರು ಒಳಗಿಳಿದರೆ ಮತ್ತೆ ಜಾರಲು ಶುರು. ಉಕ್ಕಿನ ಹ್ಯಾಂಡಲ್‌ಗೆ ತುಕ್ಕು ಬೇರೆ.

ಏರಿಸುವಾಗ ಜಾರಬೇಕು, ಆಮೇಲೆ ಕಚ್ಚಿಕೊಳ್ಳಬೇಕು. ಗ್ರಿಪ್‌ಗೆಂದೇ ಸಿಗುವ ಅಂಟಿನ ಗುಣ ಇದೇ. ಕೂದಲಿಗೆ ಹಾಕುವ ಹೇರ್ ಸ್ಪ್ರೇ ಕೂಡ ಹಸಿಯಿದ್ದಾಗ ಜಾರಿ, ಒಣಗಿದ ಮೇಲೆ ಅಂಟುತ್ತದೆ; ನಗಬೇಡಿ, ತುರ್ತಿಗೆ ಚೆನ್ನಾಗಿಯೇ ಒದಗುತ್ತದೆ. ಪಂಕ್ಚರ್ ಸಲ್ಯೂಷನ್ ಕೂಡ ಆದೀತು, ಆದರೆ ಅದು ಬೇಗ ಹಿಡಿಯುವುದರಿಂದ ಒಂದೇ ಎಳೆತಕ್ಕೆ ಕೂರಿಸುವ ಧೈರ್ಯ ಬೇಕು. ಯಾವುದನ್ನೇ ಬಳಸಿದರೂ ಮೊದಲು ಹಳೆಯ ಅಂಟು, ತುಕ್ಕು, ಜಿಡ್ಡನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಆ ಹತ್ತು ನಿಮಿಷ ಉಳಿಸಲು ಹೋದವರೇ ಮತ್ತೆ ನನ್ನ ಬಳಿ ಬರುತ್ತಾರೆ.

ಇನ್ನೊಂದು ಎಡವಟ್ಟು ಅಳತೆಯದು. ಸಾಮಾನ್ಯ ಬೈಕ್‌ಗಳಲ್ಲಿ ಎಡ ಗ್ರಿಪ್ ನೇರವಾಗಿ 22 ಮಿ.ಮೀ. ಹ್ಯಾಂಡಲ್ ಮೇಲೆ ಕೂರುತ್ತದೆ. ಬಲದ್ದು ಆಕ್ಸಿಲರೇಟರ್ ಕೊಳವೆಯ ಮೇಲೆ ಕೂರಬೇಕಾದ್ದರಿಂದ ಅದರ ಒಳ ಅಳತೆ ಮೂರ್ನಾಲ್ಕು ಮಿ.ಮೀ. ದೊಡ್ಡದು. ಹೊರಗಿನಿಂದ ಜೋಡಿ ಒಂದೇ ಥರ ಕಾಣುತ್ತದೆ. ಬಲದ್ದನ್ನು ಎಡಕ್ಕೆ ಹಾಕಿದರೆ ಯಾವ ಅಂಟೂ ಕಾಯುವುದಿಲ್ಲ.

ಬಲಗಡೆಯ ಕೆಲಸಕ್ಕೆ ನಾನು ಸ್ವಿಚ್ ಪೆಟ್ಟಿಗೆ ಬಿಚ್ಚಿ, ಕೇಬಲ್ ತಪ್ಪಿಸಿ, ಕೊಳವೆಯನ್ನೇ ಹೊರಗೆಳೆದು ಮೇಜಿನ ಮೇಲೆ ಗ್ರಿಪ್ ಏರಿಸುತ್ತೇನೆ. ಗಾಡಿಯ ಮೇಲೆಯೇ ಮಾಡಿದರೆ ಅಂಟು ಕೊಳವೆಗೂ ಹ್ಯಾಂಡಲ್‌ಗೂ ನಡುವೆ ಇಳಿಯಬಹುದು. ಆಗ ಆಕ್ಸಿಲರೇಟರ್ ತಿರುಗಿದ ಜಾಗದಲ್ಲೇ ನಿಲ್ಲುತ್ತದೆ. ಗ್ರಿಪ್ ಅಂಚಿಗೂ ಸ್ವಿಚ್ ಪೆಟ್ಟಿಗೆಗೂ ಒಂದೆರಡು ಮಿ.ಮೀ. ಸಂದು ಬಿಡಲೇಬೇಕು. ಹೊರತುದಿಯಲ್ಲಿ ಭಾರದ ಗುಂಡು ಇದ್ದರೆ ಅಲ್ಲಿಯೂ ಅಷ್ಟೇ. ಉಜ್ಜಿಕೊಂಡು ಆಕ್ಸಿಲರೇಟರ್ ಹಿಂದಿರುಗದೆ ಹೋದರೆ ಆಗುಂಬೆಯ 14 ತಿರುವುಗಳಲ್ಲಿ ಏನಾದೀತೆಂದು ಯೋಚಿಸಿ. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ತಿರುವಿ ಬಿಡಿ. ಎರಡೂ ಕಡೆ ತಾನಾಗಿ ಟಪ್ಪೆಂದು ಮುಚ್ಚಬೇಕು.

ಕೆಸರಿನ ರೇಸಿನವರು ಗ್ರಿಪ್‌ನ ಸುತ್ತಲಿನ ತೋಡಿನಲ್ಲಿ ತೆಳು ಸ್ಟೀಲ್ ತಂತಿ ಸುತ್ತಿ, ತಿರುಚಿದ ತುದಿಯನ್ನು ಅಂಗೈಗೆ ಚುಚ್ಚದ ಕಡೆ ರಬ್ಬರಿನೊಳಗೆ ಬಗ್ಗಿಸುತ್ತಾರೆ. ಊರಿನ ಓಡಾಟಕ್ಕೆ ಅದು ಬೇಕಿಲ್ಲ. ಮೇಲೆ ತೊಡಿಸುವ ಸ್ಪಂಜಿನ ಕವರ್ ಅಂತೂ ಬೇಡವೇ ಬೇಡ, ಅದೇ ಮೊದಲು ಜಾರುವುದು.

ಅಂಟು ಒಣಗಲು ಒಂದು ರಾತ್ರಿ ಸಾಕು, ನಮ್ಮ ಮಳೆಗಾಲದ ಥಂಡಿಗೆ ನಾನು ಎರಡು ರಾತ್ರಿ ಬಿಡುತ್ತೇನೆ. ಯಜಮಾನರು ಗೊಣಗುತ್ತಲೇ ಕೊಡೆ ಬಿಚ್ಚಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.