ಟಿ.ಬಿ. ಇಲ್ಲದಿದ್ದರೂ ಶ್ವಾಸಕೋಶದಲ್ಲಿ ನಾರು ಬೆಳೆಯುವುದೇಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ. ಅಪ್ಪ ಬಹಳ ವರ್ಷ ಕಾಫಿ ಕ್ಯೂರಿಂಗ್ ಕೆಲಸದಲ್ಲಿದ್ದವರು. ಈಗ ಒಣಕೆಮ್ಮು, ಏರು ಹತ್ತಿದರೆ ಏದುಸಿರು. ಸ್ಕ್ಯಾನ್ ನೋಡಿ ‘ಫೈಬ್ರೋಸಿಸ್’, ಅಂದರೆ ಶ್ವಾಸಕೋಶದಲ್ಲಿ ನಾರಿನ ಕಲೆ, ಅಂದರು. ಕಫದಲ್ಲಿ ಟಿ.ಬಿ. ಇಲ್ಲ. ಮತ್ತೆ ಈ ಕಲೆ ಎಲ್ಲಿಂದ ಬಂತು?

ಉತ್ತರ: ನಾರು ಹೆಣೆಯುವುದು ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶ. ಆದರೆ ಅದನ್ನು ಕೆಲಸಕ್ಕೆ ಹಚ್ಚುವುದೂ ತಡೆಯುವುದೂ ಬಹುಮಟ್ಟಿಗೆ ಅದರ ಮೇಲೆ ಹಾಸಿಕೊಂಡಿರುವ, ಶ್ವಾಸಕೋಶದ ಒಳಪದರದ ಜೀವಕೋಶಗಳು. ಒಳಪದರ ಗಟ್ಟಿಮುಟ್ಟಾಗಿದ್ದಾಗ ಪ್ರೋಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಸ್ರವಿಸಿ ಫೈಬ್ರೋಬ್ಲಾಸ್ಟನ್ನು ಹದ್ದುಬಸ್ತಿನಲ್ಲಿಡುತ್ತದೆ. ಹೊಗೆಯಿಂದಲೋ ದೂಳಿನಿಂದಲೋ ಮತ್ತೆ ಮತ್ತೆ ಪೆಟ್ಟು ತಿಂದರೆ ಆ ಹಿಡಿತ ಸಡಿಲವಾಗುತ್ತದೆ. ಪೆಟ್ಟು ಬಿದ್ದ ಕೋಶದ ಮೇಲೆ ಇಂಟೆಗ್ರಿನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಸುತ್ತಲ ಅಂಗಾಂಶದಲ್ಲಿ ನಿಷ್ಕ್ರಿಯವಾಗಿ ಬಿದ್ದಿದ್ದ, ನಾರು ಹೆಣೆಯಲು ಸಂಕೇತ ಕೊಡುವ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ಅದು ಎಳೆದು ಚುರುಕುಗೊಳಿಸುತ್ತದೆ. ಆಗ ಫೈಬ್ರೋಬ್ಲಾಸ್ಟ್ ರೂಪ ಬದಲಿಸಿ ನಾರಿನ ಪ್ರೋಟೀನಾದ ಕೊಲಾಜೆನ್ ಸುರಿಯತೊಡಗುತ್ತದೆ. ಅಂಗಾಂಶ ಬಿರುಸಾದಷ್ಟೂ ಆ ಎಳೆತ ಸುಲಭ, ಹಾಗಾಗಿ ನಾರೇ ಇನ್ನಷ್ಟು ನಾರಿಗೆ ದಾರಿ ಮಾಡಿಕೊಡುತ್ತದೆ. ಬೆನ್ನ ಕೆಳಭಾಗಕ್ಕೆ ಸ್ಟೆತೊಸ್ಕೋಪ್ ಇಟ್ಟರೆ ಉಸಿರೆಳೆಯುವ ಕೊನೆಯಲ್ಲಿ ವೆಲ್ಕ್ರೋ ಕಿತ್ತಂಥ ಸದ್ದು ಕೇಳುವುದು ಈ ಬಿರುಸಿನಿಂದಲೇ.

ಮೂಲ ದೋಷ ಒಳಪದರದ್ದು ಎನ್ನಲು ನನಗೆ ಬಲವಾಗಿ ಕಾಣುವ ಸಾಕ್ಷ್ಯ 2011ರದು. ಕಾರಣ ತಿಳಿಯದ ಫೈಬ್ರೋಸಿಸ್‌ಗೆ ಅತಿ ದೊಡ್ಡ ಆನುವಂಶಿಕ ಅಪಾಯ ಸಿಕ್ಕಿದ್ದು ಎಂಯುಸಿ5ಬಿ ಜೀನ್ ಬಳಿ. ಅದು ಶ್ವಾಸನಾಳದ ಒಳಪದರ ಲೋಳೆ ತಯಾರಿಸುವ ಜೀನ್, ನಾರಿನದಲ್ಲ! ಆಸ್ತಮಾದಲ್ಲೂ ಒಳಪದರದ ಅಡಿಯ ಕೊಲಾಜೆನ್ ದಪ್ಪವಾಗುತ್ತದೆ, ಮಕ್ಕಳಲ್ಲಿ ಕೂಡ.

ಕಾಫಿಯ ಮೇಲೆ ತಕ್ಷಣ ತಪ್ಪು ಹೊರಿಸಬೇಡಿ. ಹುರಿಯದ ಕಾಫಿ ಬೀಜದ ದೂಳಿನಿಂದ ಅಲರ್ಜಿ, ಆಸ್ತಮಾ ಬರುವುದುಂಟು. ಫೈಬ್ರೋಸಿಸ್ ಎಂದಾಗ ನಾನು ಮೊದಲು ಕೇಳುವುದು ಬೇರೆಯದನ್ನು. ನಮ್ಮ ಮಳೆಗಾಲದಲ್ಲಿ ಕೊಟ್ಟಿಗೆ ಅಟ್ಟದ ಹುಲ್ಲು ಬೂಷ್ಟು ಹಿಡಿಯುತ್ತದಲ್ಲ, ಅದನ್ನು ಅಪ್ಪ ಕೆದಕುತ್ತಾರಾ? ಮನೆಯಲ್ಲಿ ಪಾರಿವಾಳ ಇದೆಯೇ? ಬೀಡಿ ಸೇದುತ್ತಿದ್ದರೇ? ಬೂಷ್ಟಿನ ಅಲರ್ಜಿಯಿಂದ ಬಂದ ರೋಗಕ್ಕೆ ಅದರಿಂದ ದೂರವಿರುವುದೇ ಮೊದಲ ಮದ್ದು, ಸ್ಟಿರಾಯ್ಡ್ ಕೂಡ ಕೆಲವರಿಗೆ ನೆರವಾಗುತ್ತದೆ. ಕಾರಣ ತಿಳಿಯದ ಬಗೆಯಲ್ಲಿ ಸ್ಟಿರಾಯ್ಡ್ ಇದ್ದ ಮೂರು ಔಷಧಿಗಳ ಜೋಡಿ ಸಾವನ್ನು ಹೆಚ್ಚಿಸಿತೆಂದು 2012ರ ಪ್ರಯೋಗ ತೋರಿಸಿತು. ಅಲ್ಲಿ ಕೊಡುವುದು ಪಿರ್ಫೆನಿಡೋನ್ ಅಥವಾ ನಿಂಟೆಡಾನಿಬ್. ಬೆಳೆದ ನಾರನ್ನು ಅವು ಕರಗಿಸವು, ಬೆಳವಣಿಗೆಯ ವೇಗ ತಗ್ಗಿಸುತ್ತವೆ. ಹಾಗಾಗಿ ಮುಂದಿನ ಸಲ ಶ್ವಾಸಕೋಶ ತಜ್ಞರ ಬಳಿ ಹೋದಾಗ ಕೊಟ್ಟಿಗೆ, ಹಕ್ಕಿ, ಬೀಡಿ, ಸೌದೆ ಒಲೆ ಎಲ್ಲವನ್ನೂ ಬಿಡದೆ ಹೇಳಿ. ನಡೆಯುತ್ತಿರುವ ಔಷಧಿಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.