ಎಫ್‌ಎಂಆರ್‌ಐ ಟಿಪ್ಪಣಿ: ಆಮ್ಲಜನಕ ಖರ್ಚಾದ ಜಾಗದಲ್ಲಿ ಸಂಕೇತ ಏರುವುದೇಕೆ?

ಮಾನಸಗಂಗೋತ್ರಿಯಲ್ಲಿ ಮನೋವಿಜ್ಞಾನ ಓದುವ ನಮ್ಮಲ್ಲಿ ಅನೇಕರು ಪಿಯುಸಿಯಲ್ಲಿ ಕಲಾ ವಿಭಾಗದವರು. ನಮ್ಮ ಭೌತಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗಿದಿದೆ. ಆದ್ದರಿಂದ ಮಿದುಳಿನ ಚಿತ್ರಣದ ಘಟಕದಲ್ಲಿ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆಯೆಂದು ತೋರಿಸುವ ಸ್ಕ್ಯಾನ್) ಮತ್ತು ಅದರ ಕಾಂತಕ್ಷೇತ್ರದ ಮಾತು ಬಂದೊಡನೆ ಪುಟ ಮಗುಚುವ ಆಸೆಯಾಗುತ್ತದೆ. ಹಾಗೆ ಮಗುಚುವ ಪುಟದಲ್ಲೇ ಇಡೀ ಘಟಕದ ಗಂಟು ಇರುವುದರಿಂದ ಈ ಟಿಪ್ಪಣಿಯ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಉಳಿದ ವಿಧಾನಗಳು ಅಷ್ಟು ಕಾಡುವುದಿಲ್ಲ. ಸಿಟಿ ಎಂದರೆ ಎಕ್ಸ್‌-ರೇಯನ್ನು ನಾನಾ ಕೋನಗಳಿಂದ ಹಾಯಿಸಿ ಕಟ್ಟಿದ ಅಡ್ಡಸೀಳು ಚಿತ್ರ. ಇದಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂದಿತು. ಇಇಜಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹಿಡಿಯುತ್ತದೆ, ಆದರೆ ಅದು ಹುಟ್ಟಿದ ಜಾಗವನ್ನು ಖಚಿತವಾಗಿ ಹೇಳಲಾರದು. ಪೆಟ್ ವಿಧಾನದಲ್ಲಿ ವಿಕಿರಣಶೀಲ ಗುರುತು ಹಚ್ಚಿದ ವಸ್ತುವನ್ನು ರಕ್ತಕ್ಕೆ ಸೇರಿಸಿ, ಅದು ಎಲ್ಲಿ ಸಂಗ್ರಹವಾಗುತ್ತದೆಂದು ನೋಡುತ್ತಾರೆ. ಸಾಧಾರಣ ಎಂಆರ್‌ಐ ಮುಖ್ಯವಾಗಿ ದೇಹದ ನೀರಿನಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳಿಂದ ಬರುವ ಸಂಕೇತವನ್ನು ಬಳಸಿ ಮಿದುಳಿನ ರಚನೆಯನ್ನು ತೋರಿಸುತ್ತದೆ.

ಎಫ್‌ಎಂಆರ್‌ಐ ಕೂಡ ಅದೇ ಯಂತ್ರದಲ್ಲಿ ನಡೆಯುತ್ತದೆ, ಆದರೆ ಅದು ಅಳೆಯುವುದು ರಕ್ತದ ಆಮ್ಲಜನಕ ಮಟ್ಟವನ್ನು ಅವಲಂಬಿಸಿದ ಬೋಲ್ಡ್ ಸಂಕೇತವನ್ನು. ನರಕೋಶದ ಚಟುವಟಿಕೆಯನ್ನು ಅದು ನೇರವಾಗಿ ಅಳೆಯುವುದೇ ಇಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಹೆಚ್ಚು ಕದಡುವುದಿಲ್ಲ, ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕದಡುತ್ತದೆ ಎಂಬುದನ್ನು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದರು. 1990ರಲ್ಲಿ ಸೇಜಿ ಒಗಾವಾ ಮತ್ತು ಸಂಗಡಿಗರು ಈ ವ್ಯತ್ಯಾಸವನ್ನು ಪ್ರಾಣಿಗಳ ಮಿದುಳಿನ ಎಂಆರ್‌ಐ ಚಿತ್ರದಲ್ಲಿ ಕಂಡರು. 1992ರ ಹೊತ್ತಿಗೆ ಮನುಷ್ಯರ ಮೇಲಿನ ಪ್ರಯೋಗಗಳು ಪ್ರಕಟವಾದವು.

ತೊಡಕು ಇರುವುದು ಇಲ್ಲಿ. ನರಕೋಶಗಳು ಕೆಲಸ ಮಾಡಿದರೆ ಆಮ್ಲಜನಕ ಖರ್ಚಾಗಬೇಕು, ಖರ್ಚಾದರೆ ಆಮ್ಲಜನಕರಹಿತ ಹಿಮೋಗ್ಲೋಬಿನ್ ಹೆಚ್ಚಬೇಕು, ಅದು ಹೆಚ್ಚಿದರೆ ಕಾಂತಕ್ಷೇತ್ರ ಕದಡಿ ಸಂಕೇತ ಕುಸಿಯಬೇಕು. ಆದರೆ ಕೆಲಸ ನಡೆದ ಜಾಗದಲ್ಲಿ ಸಂಕೇತ ಏರುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಕಾರಣವನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತವೆ.

ಕಾರಣವೆಂದರೆ, ಚಟುವಟಿಕೆ ಹೆಚ್ಚಿದ ಭಾಗಕ್ಕೆ ಮಿದುಳು ಬೇಕಾದುದಕ್ಕಿಂತ ಬಹಳ ಹೆಚ್ಚು ರಕ್ತವನ್ನು ಹರಿಸುತ್ತದೆ. ಇದನ್ನು ಮಂಡ್ಯದ ಕಡೆಯವರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಲೆಕ್ಕದಲ್ಲಿ ನೋಡಬಹುದು. ಭತ್ತದ ಗದ್ದೆ ಸ್ವಲ್ಪ ಹೆಚ್ಚು ನೀರು ಕೇಳಿತೆಂದು ನೀರಗಂಟಿ ತೂಬನ್ನು ಧಾರಾಳವಾಗಿ ಎತ್ತಿದರೆ, ಗದ್ದೆ ಮೊದಲಿಗಿಂತ ಹೆಚ್ಚು ಕುಡಿದರೂ ಕೆಳಗಿನ ಬಸಿಗಾಲುವೆಯಲ್ಲಿ ಮೊದಲಿಗಿಂತ ಹೆಚ್ಚು ನೀರು ಹರಿಯುತ್ತದೆ. ಎಫ್‌ಎಂಆರ್‌ಐ ನೋಡುವುದು ಹೆಚ್ಚಾಗಿ ಆ ಬಸಿಗಾಲುವೆಯನ್ನು, ಅಂದರೆ ಲೋಮನಾಳಗಳನ್ನೂ ಅವುಗಳ ಆಚೆಗಿನ ಸಣ್ಣ ಅಭಿಧಮನಿಗಳನ್ನೂ.

ಅಂಕಿಗಳಲ್ಲಿ ಬರೆದರೆ ಇದು ಇನ್ನಷ್ಟು ಗಟ್ಟಿಯಾಗುತ್ತದೆ. ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕಲ್ 1986ರಲ್ಲಿ ಪೆಟ್ ಬಳಸಿ ಅಳೆದಾಗ, ಪ್ರಚೋದನೆ ಪಡೆದ ಭಾಗದಲ್ಲಿ ರಕ್ತದ ಹರಿವು ಶೇ. 29ರಷ್ಟು ಏರಿದರೆ ಆಮ್ಲಜನಕದ ಬಳಕೆ ಏರಿದ್ದು ಶೇ. 5ರಷ್ಟು ಮಾತ್ರ. ವಿಶ್ರಾಂತಿಯಲ್ಲಿ 100 ಪಾಲು ಆಮ್ಲಜನಕ ಬಂದು 40 ಪಾಲು ಬಳಕೆಯಾಗುತ್ತದೆ ಎಂದಿಟ್ಟುಕೊಳ್ಳೋಣ. ಚಟುವಟಿಕೆಯಲ್ಲಿ ಬರುವುದು 129, ಬಳಕೆಯಾಗುವುದು 42. ಮೊದಲು ಹೊರಹೋಗುವ ರಕ್ತದಲ್ಲಿ ಶೇ. 40ರಷ್ಟು ಹಿಮೋಗ್ಲೋಬಿನ್ ಆಮ್ಲಜನಕ ಕಳೆದುಕೊಂಡಿತ್ತು. ಈಗ 42ನ್ನು 129ರಿಂದ ಭಾಗಿಸಿದರೆ ಅದು ಸುಮಾರು ಶೇ. 33ಕ್ಕೆ ಇಳಿಯುತ್ತದೆ. ಬಳಕೆ ಏರಿದರೂ ಪಾಲು ಇಳಿದಿದೆ. ಕದಡುವ ವಸ್ತುವಿನ ಪಾಲು ಇಳಿದದ್ದರಿಂದ ಕಾಂತಕ್ಷೇತ್ರದಲ್ಲಿ ಒಂದೇ ಲಯದಲ್ಲಿ ತಿರುಗುತ್ತ ಸಂಕೇತ ಕೊಡುವ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳ ಲಯ ತಪ್ಪುವುದು ತಡವಾಗುತ್ತದೆ, ಆದ್ದರಿಂದ ಸಂಕೇತ ಹೆಚ್ಚು ಹೊತ್ತು ಉಳಿದು ಚಿತ್ರದಲ್ಲಿ ಪ್ರಬಲವಾಗಿ ಕಾಣುತ್ತದೆ. "ಕೆಡಿಸುವುದು ಕಡಿಮೆಯಾಯಿತು, ಆದ್ದರಿಂದ ಸಂಕೇತ ಹೆಚ್ಚಾಯಿತು" ಎಂಬ ಈ ಎರಡು ನಿಷೇಧಗಳ ಸರಪಳಿಯನ್ನು ಒಮ್ಮೆ ಕೈಯಾರೆ ಬರೆದುಕೊಂಡವರಿಗೆ ಮುಂದಿನದೆಲ್ಲ ಸುಲಭ. ಸಂಕೇತದಲ್ಲಿ ಆಗುವ ಏರಿಕೆ ಸಾಮಾನ್ಯವಾಗಿ ಶೇ. 1ರಿಂದ 3ರ ಆಸುಪಾಸಿನಲ್ಲಿರುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ, ಏಕೆಂದರೆ ಕೆಂಪು–ಹಳದಿ ಬಣ್ಣದ ಚಿತ್ರಗಳು ಆ ಅಲ್ಪತೆಯನ್ನು ಮುಚ್ಚಿಡುತ್ತವೆ.

ರಕ್ತನಾಳದ ಪ್ರತಿಕ್ರಿಯೆ ನಿಧಾನವಾದದ್ದು. ಪ್ರಚೋದನೆಯ ಬಳಿಕ ಸಂಕೇತ ಶಿಖರ ಮುಟ್ಟಲು ಸುಮಾರು 5–6 ಸೆಕೆಂಡು ಬೇಕು. ಚಿತ್ರವನ್ನು ಕಟ್ಟುವ ಪುಟ್ಟ ಘನಕ್ಕೆ ವೋಕ್ಸೆಲ್ ಎನ್ನುತ್ತಾರೆ. ಒಂದು ವೋಕ್ಸೆಲ್‌ನ ಬದಿ ಸಾಮಾನ್ಯವಾಗಿ 2–3 ಮಿ.ಮೀ. ಇರುತ್ತದೆ ಮತ್ತು ಅದರೊಳಗೆ ಲಕ್ಷಗಟ್ಟಲೆ ನರಕೋಶಗಳಿರುತ್ತವೆ.

ಸಂಖ್ಯಾಶಾಸ್ತ್ರದ ಭಾಗಕ್ಕೆ ಒಂದೇ ಉದಾಹರಣೆ ಸಾಕು. ಒಂದು ಲಕ್ಷ ವೋಕ್ಸೆಲ್‌ಗಳನ್ನು 0.05ರ ಮಟ್ಟದಲ್ಲಿ (ಅಂದರೆ ನೂರರಲ್ಲಿ ಐದು ಸಲ ಆಕಸ್ಮಿಕವಾಗಿ ತಪ್ಪುವುದನ್ನು ಒಪ್ಪಿಕೊಂಡು) ಬಿಡಿಬಿಡಿಯಾಗಿ ಪರೀಕ್ಷಿಸಿದರೆ, ಮಿದುಳಿನಲ್ಲಿ ಏನೂ ನಡೆಯದಿದ್ದರೂ ಸರಾಸರಿ 5,000 ವೋಕ್ಸೆಲ್‌ಗಳು ಆಕಸ್ಮಿಕವಾಗಿ ಬೆಳಗುತ್ತವೆ. ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಫೋಟೊಗಳನ್ನು ತೋರಿಸಿ, ಇಂಥ ಆಕಸ್ಮಿಕಗಳನ್ನು ತಡೆಯುವ ತಿದ್ದುಪಡಿಯಿಲ್ಲದ ವಿಶ್ಲೇಷಣೆಯಲ್ಲಿ ಅದರ ಮಿದುಳೂ "ಬೆಳಗಿದ್ದನ್ನು" 2009ರಲ್ಲಿ ಮಂಡಿಸಿದರು. 2012ರಲ್ಲಿ ಅವರಿಗೆ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ) ಸಿಕ್ಕಿತು. ತಮಾಷೆಯಂತೆ ಕಂಡರೂ ಬಹುಹೋಲಿಕೆಯ ತಿದ್ದುಪಡಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಚುರುಕಾದ ಉತ್ತರವನ್ನು ನಾನು ಓದಿಲ್ಲ.

ಆರೋಗ್ಯದ ಪ್ರಶ್ನೆಗೆ ಬಂದಾಗ ನರರೋಗ ಮತ್ತು ಮನೋರೋಗಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಪಾರ್ಶ್ವವಾಯು, ಗೆಡ್ಡೆ, ಮೂರ್ಛೆರೋಗದಲ್ಲಿ ಕಾಣುವ, ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪ್ಪೊಕ್ಯಾಂಪಸ್‌ನ ಗಡಸುತನ ಇವುಗಳಲ್ಲಿ ಒಬ್ಬ ರೋಗಿಯ ಚಿತ್ರವೇ ಚಿಕಿತ್ಸೆಯ ದಾರಿಯನ್ನು ಬದಲಿಸಬಲ್ಲದು. ಖಿನ್ನತೆ ಅಥವಾ ಆತಂಕದಲ್ಲಿ ಹಾಗಲ್ಲ. ಅಲ್ಲಿ ಸಂಶೋಧನೆಗಳು ಹೇಳುವುದು ಗುಂಪುಗಳ ಸರಾಸರಿ ವ್ಯತ್ಯಾಸವನ್ನು, ಮತ್ತು ರೋಗಿಗಳ ಹಾಗೂ ಆರೋಗ್ಯವಂತರ ಅಳತೆಗಳು ಬಹುಪಾಲು ಒಂದರ ಮೇಲೊಂದು ಬೀಳುತ್ತವೆ. ಮಿದುಳಿನ ಅಳತೆಗೂ ವರ್ತನೆಗೂ ಇರುವ ನಂಟನ್ನು ಇಡೀ ಮಿದುಳಿನಲ್ಲಿ ಹುಡುಕುವ ಅಧ್ಯಯನಗಳು ನಂಬಲರ್ಹವಾಗಲು ಸಾವಿರಾರು ಜನ ಬೇಕೆಂದು 2022ರಲ್ಲಿ ನೇಚರ್ ಪತ್ರಿಕೆಯ ಲೇಖನವೊಂದು ತೋರಿಸಿತು. "ತಲೆ ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ ಅಂದರು, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ" ಎಂದು ನಮ್ಮ ಕಡೆ ಮನೆಯವರು ಹೇಳುವುದುಂಟು. ಆ ಸ್ಕ್ಯಾನ್ ಮಾಡುವುದು ಗೆಡ್ಡೆ, ರಕ್ತಸ್ರಾವದಂಥವು ಇವೆಯೇ ಎಂದು ನೋಡಲು. ಖಿನ್ನತೆ ಇದೆ ಎಂದಾಗಲಿ ಇಲ್ಲ ಎಂದಾಗಲಿ ಅದು ಹೇಳುವುದಿಲ್ಲ.

ಎಫ್‌ಎಂಆರ್‌ಐ ಒಬ್ಬ ರೋಗಿಯ ಮಟ್ಟದಲ್ಲೇ ಬಳಕೆಯಾಗುವ ಮುಖ್ಯ ಸಂದರ್ಭವೆಂದರೆ ಶಸ್ತ್ರಚಿಕಿತ್ಸೆಗೆ ಮೊದಲು ಭಾಷೆಯ ಪ್ರದೇಶಗಳನ್ನು ಗುರುತಿಸುವುದು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಆಡುವ ಮೈಸೂರಿನ ರೋಗಿಗೆ ವಸ್ತುಗಳ ಹೆಸರು ಹೇಳಿಸುವ ಕಾರ್ಯವನ್ನು ಎರಡೂ ಭಾಷೆಗಳಲ್ಲಿ ಮಾಡಿಸುವುದು ಒಳ್ಳೆಯದು. ಇಲ್ಲಿ ಮೇಲಿನ ಲೆಕ್ಕ ಮತ್ತೆ ಬೇಕಾಗುತ್ತದೆ: ಗೆಡ್ಡೆಯ ಸುತ್ತಲಿನ ರಕ್ತನಾಳಗಳು ಸರಿಯಾಗಿ ಹಿಗ್ಗದಿದ್ದರೆ 100 ಪಾಲು 129 ಆಗುವುದೇ ಇಲ್ಲ, ನರಕೋಶಗಳು ದುಡಿಯುತ್ತಿದ್ದರೂ ಬೋಲ್ಡ್ ಸಂಕೇತ ಏರುವುದಿಲ್ಲ. ಚಿತ್ರದಲ್ಲಿ ಬಣ್ಣವಿಲ್ಲದ ಆ ಜಾಗವನ್ನು ನಿಷ್ಕ್ರಿಯವೆಂದು ತೆಗೆದುಹಾಕಿದರೆ ರೋಗಿಯ ಮಾತು ಹೋಗಬಹುದಾದ್ದರಿಂದ, ಭಾಷಾ ಪ್ರದೇಶದ ಹತ್ತಿರ ಕತ್ತರಿಸುವಾಗ ಶಸ್ತ್ರವೈದ್ಯರು ರೋಗಿಯನ್ನು ಎಚ್ಚರವಾಗಿಟ್ಟು, ಮಾತನಾಡಿಸುತ್ತ, ಮಿದುಳಿನ ಮೇಲ್ಮೈಗೆ ನೇರವಾಗಿ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಪರೀಕ್ಷಿಸುತ್ತಾರೆ.